ನಾನು ಓದಿ ಹೇಳದ ಎರಡನೆಯ ಹಾಳೆ

ವೀಸಾ ಕೊಡುವುದಿಲ್ಲ ಎಂಬ ಕಾಗದ ಬಂದ ದಿನ ಆಕೆ ಅದನ್ನು ಲಕೋಟೆ ಒಡೆಯದೆ ನನ್ನ ಕೈಗೆ ತಂದುಕೊಟ್ಟಳು. ನಮ್ಮ ಎಸ್ಟೇಟಿನ ಆಳುಗಳ ಲೈನುಮನೆಗಳಿಗೆ ಬರುತ್ತಿದ್ದ ಇಂಗ್ಲಿಷ್ ಕಾಗದಗಳನ್ನೆಲ್ಲ ಓದಿ ಹೇಳುತ್ತಿದ್ದವನು ನಾನೇ. ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ ಮಾತ್ರ. ಆದರೆ ಕಳಸದ ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ನಲವತ್ತು ವರ್ಷ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದವನಿಗೆ ಬ್ಯಾಂಕಿನದು, ಆಸ್ಪತ್ರೆಯದು, ಕಾಫಿ ಕ್ಯೂರಿಂಗಿನದು ಎಂದು ಅಷ್ಟಿಷ್ಟು ಇಂಗ್ಲಿಷ್ ಹತ್ತಿರುತ್ತದೆ. ಕಾಫಿ ಒಣಗಿಸುವ ಕಣದ ಪಕ್ಕದ ಕಟ್ಟೆಯ ಮೇಲೆ ಕುಳಿತು ಲಕೋಟೆ ಒಡೆದೆ. ಒಳಗೆ ಎರಡು ಹಾಳೆಗಳಿದ್ದವು. ಮೊದಲನೆಯದನ್ನು ಗಟ್ಟಿಯಾಗಿ ಓದಿ ಅರ್ಥ ಹೇಳಿದೆ. ಎರಡನೆಯದನ್ನು ಮನಸ್ಸಿನಲ್ಲೇ ಓದಿ, ಮಡಚಿ, ಅಂಗಿಯ ಜೇಬಿಗೆ ಹಾಕಿಕೊಂಡೆ.

ಅದನ್ನು ಆಕೆ ನೋಡಲಿಲ್ಲವೆಂದಲ್ಲ. ನೋಡಿದಳು. ರೈಟರು ಕಾಗದ ಜೇಬಿಗೆ ಹಾಕಿಕೊಂಡರೆ ಯಾಕೆ ಎಂದು ಕೇಳುವ ಪದ್ಧತಿ ನಮ್ಮ ಎಸ್ಟೇಟಿನಲ್ಲಿ ಇರಲಿಲ್ಲ.

"ಎಂತ ಅಂತೆ ರೈಟ್ರೇ?"

"ಆಗೋದಿಲ್ಲ ಅಂದಿದಾರೆ."

"ಎಂತಕ್ಕಂತೆ?"

"ನೀನು ಅಲ್ಲಿಗೆ ಹೋದ್ರೆ ವಾಪಸ್ ಬರ್ತೀಯ ಅಂತ ಅವ್ರಿಗೆ ನಂಬಿಕೆ ಇಲ್ವಂತೆ."

ಆಕೆ ಮೊದಲು ನಕ್ಕಳು. "ಅಯ್ಯೋ, ಬರ್ದೆ ಅಲ್ಲಿ ಎಂತ ಮಾಡ್ಲಿ? ಇಲ್ಲಿ ನನ್ ಕೋಳಿಗೆ ಯಾರು ಕಾಳು ಹಾಕ್ತಾರೆ?" ಎಂದಳು. ಆಮೇಲೆ ಸೆರಗಿನಿಂದ ಮೂಗು ಒರೆಸಿಕೊಂಡು ಕಣದ ಕಡೆಗೆ ತಿರುಗಿ ನಿಂತಳು. ನಾನು ಆ ದೇಶದವರನ್ನು ಬಾಯಿಗೆ ಬಂದಂತೆ ಬೈದೆ. ಕಣದಲ್ಲಿದ್ದ ಹೆಂಗಸರೂ ಮೇಸ್ತ್ರಿಯೂ ಬಂದು ಸೇರಿಕೊಂಡು ಬೈದರು. ಎಲ್ಲರಿಗಿಂತ ಜೋರಾಗಿ ಬೈದವನು ನಾನು. ಜೇಬಿನಲ್ಲಿ ಹಾಳೆ ಇಟ್ಟುಕೊಂಡು ಹಾಗೆ ಬೈದೆನಲ್ಲ, ಅದು ನೆನಪಾದರೆ ಈಗಲೂ ತಿಂದದ್ದು ಮೈಗೆ ಹತ್ತುವುದಿಲ್ಲ.

ಆಕೆ ಯಾರು, ಯಾವ ಪ್ರಯಾಣ ಎಂದು ಹೇಳಬೇಕು.

ಆಕೆ ನಮ್ಮ ಎಸ್ಟೇಟಿನಲ್ಲಿ ಕಾಫಿ ಕುಯ್ಯುವ ಕೆಲಸದವಳು. ಮದುವೆಯಾಗಿ ಲೈನಿಗೆ ಬಂದವಳು ಇಪ್ಪತ್ತಾರು ವರ್ಷ ಒಂದೇ ತೋಟದಲ್ಲಿ ದುಡಿದಿದ್ದಳು. ಒಂದು ಕುಯ್ಲಿನ ಕಾಲದಲ್ಲಿ ಆಕೆಯ ಗಂಡ ಮಂಗನ ಕಾಯಿಲೆಯಿಂದ ತೀರಿಕೊಂಡ. ಕಾಡಿನಲ್ಲಿ ಮಂಗ ಸತ್ತರೆ ಅದರ ಮೈಮೇಲಿನ ಉಣುಗುಗಳು ತರಗೆಲೆಗೆ ಇಳಿಯುತ್ತವೆ. ಅಲ್ಲಿ ಹೋಗಿ ಕುಳಿತವರಿಗೆ, ಸೌದೆ ಆಯ್ದವರಿಗೆ ಕಚ್ಚಿ ಕಾಯಿಲೆ ಹತ್ತಿಸುತ್ತವೆ. ಕಾಫಿ ಹಣ್ಣಾಗುವುದೂ ಆ ಉಣುಗಿನ ಕಾಲವೂ ಒಂದೇ. ಗಂಡ ಹೋದ ಮೇಲೆ ಆಕೆ ಯಾರೂ ಹೇಳದೆ ಒಂದು ಕೆಲಸ ಶುರು ಮಾಡಿದಳು. ಸತ್ತ ಮಂಗ ಕಂಡ ಜಾಗವನ್ನು ಸರ್ಕಾರಿ ಆಸ್ಪತ್ರೆಗೆ ತಿಳಿಸಿ, ಅವರು ಬಂದು ಉಣುಗು ಸಾಯುವ ಪುಡಿ ಹಾಕುವವರೆಗೆ ಸುತ್ತಲಿನ ಸಿಲ್ವರ್ ಮರಗಳಿಗೆ ಹಳೆಯ ಸೀರೆಯ ಕೆಂಪು ಚೂರು ಕಟ್ಟುತ್ತಿದ್ದಳು. ಕೆಂಪು ಕಂಡಲ್ಲಿ ಯಾರೂ ಬುತ್ತಿ ಬಿಚ್ಚುವಂತಿಲ್ಲ. ಸಂಜೆ ಹಣ್ಣು ತೂಕ ಹಾಕಿದ ಮೇಲೆ ಹೆಂಗಸರು ಇಬ್ಬಿಬ್ಬರಾಗಿ ನಿಂತು ಒಬ್ಬರ ಕುತ್ತಿಗೆ, ಕಿವಿಯ ಹಿಂದೆ, ಮಂಡಿಯ ಸಂದು ಇನ್ನೊಬ್ಬರು ನೋಡಬೇಕು. ನೋಡದೆ ಲೈನಿಗೆ ಹೊರಟವರನ್ನು ಆಕೆ ಹೆಸರು ಹಿಡಿದು ಕೂಗಿ ನಿಲ್ಲಿಸುತ್ತಿದ್ದಳು. ಗಂಡಸರು ಮೊದಲು ತಮಾಷೆ ಮಾಡಿದರು. ಆಮೇಲೆ ಅವರೂ ಸಾಲಾಗಿ ನಿಂತರು.

ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಇದನ್ನು ನೋಡಿ ಬರೆದು ಎಲ್ಲಿಗೋ ಕಳಿಸಿದರು. ಕಾಡಿನ ಅಂಚಿನ ಜನರಿಗೆ ಬರುವ ಕಾಯಿಲೆಗಳ ಬಗ್ಗೆ ಲೋಕದ ಡಾಕ್ಟರುಗಳೆಲ್ಲ ಸೇರುವ ಒಂದು ದೊಡ್ಡ ಸಮ್ಮೇಳನ ಯುರೋಪಿನ ಒಂದು ಊರಿನಲ್ಲಿತ್ತು. ಆಕೆಯೇ ಬಂದು ಮಾತನಾಡಲಿ, ಕನ್ನಡದಲ್ಲೇ ಮಾತನಾಡಲಿ, ಹೋಗಿಬರುವ ಖರ್ಚು ನಮ್ಮದು ಎಂದು ಅವರು ಬರೆದರು. 'ಯಾರೂ ಹೊರಗೆ ಉಳಿಯಬಾರದು' ಎನ್ನುವುದೇ ಆ ಸಲದ ವಿಷಯವಂತೆ.

ಲೈನಿನಲ್ಲಿ ಆ ಒಂದು ತಿಂಗಳು ಬೇರೆ ಮಾತೇ ಇರಲಿಲ್ಲ.

"ವಿಮಾನದಲ್ಲಿ ಪಕ್ಕದೋರ ಕಿವಿ ಹಿಂದೆ ನೋಡ್ಬೇಡ ಮಾರಾಯ್ತಿ, ಕೆಳಗೆ ಇಳಿಸಿಬಿಡ್ತಾರೆ" ಎಂದು ಹೆಂಗಸರು ರೇಗಿಸಿದರು.

"ನೋಡಿಯೇ ನೋಡ್ತೀನಿ. ದೊಡ್ಡೋರ ಕಿವಿಗೆ ಉಣುಗು ಹತ್ತೋದಿಲ್ಲ ಅಂತ ಉಂಟಾ?" ಎಂದಳು ಆಕೆ.

ಮಾತಾಡುವುದನ್ನು ಕಣದಲ್ಲಿ ಅಭ್ಯಾಸ ಮಾಡುತ್ತಿದ್ದಳು. ಮಂಗ ಸತ್ತ ಜಾಗದಲ್ಲಿ ಕೆಂಪು ಬಟ್ಟೆ ಇದ್ದಿದ್ದರೆ ನನ್ನ ಗಂಡ ಅಲ್ಲಿ ಕೂರುತ್ತಿರಲಿಲ್ಲ, ಎಂದು ಶುರುವಾಗುವ ಮಾತು. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಔಷಧಿ ಎಣ್ಣೆ ಕುಯ್ಲು ಮುಗಿದ ಮೇಲೆ ಬರುತ್ತದೆ, ಮೊದಲು ಬರಬೇಕು. ಮಂಗ ಸತ್ತ ಸುದ್ದಿ ಕೊಟ್ಟವರಿಗೆ ಆ ದಿನದ ಕೂಲಿ ಹೋಗಬಾರದು. ಇವೆರಡನ್ನು ಔಷಧಿ ಮಾಡುವವರ ಎದುರು, ಅಧಿಕಾರಿಗಳ ಎದುರು ನಿಂತು ಹೇಳಬೇಕೆಂದು ಆಕೆಗೆ ಹಟ. ಊರು ನೋಡುವ ಆಸೆಯಲ್ಲ. ಆ ಎರಡು ಮಾತು.

ವೀಸಾಕ್ಕೆ ಕೆಲಸ ಕೊಟ್ಟವರಿಂದ ಒಂದು ಪತ್ರ ಬೇಕಿತ್ತು. ತೋಟದ ಒಡೆಯರಾದ ನಮ್ಮ ಸಾಹುಕಾರ್ರು ಚಿಕ್ಕಮಗಳೂರಿನ ಮನೆಯಲ್ಲಿದ್ದರು. ಫೋನು ಮಾಡಿದೆ. "ನೀವೇ ಬರೆದು ಸೀಲ್ ಹಾಕಿ ಕೊಡಿ ರೈಟ್ರೇ, ಅದಕ್ಕೆಲ್ಲ ನನ್ನ ಎಂತಕ್ಕೆ ಕೇಳ್ತೀರಿ?" ಎಂದರು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳಬೇಕು. ಆಳುಗಳ ಹಾಜರಿ ಬರೆಯುವ ದೊಡ್ಡ ಪುಸ್ತಕಕ್ಕೆ ಚೆಕ್‌ರೋಲ್ ಎನ್ನುತ್ತೇವೆ. ಕುಯ್ಲು ಮುಗಿದು ಬೇಸಿಗೆ ಬಂದ ಕೂಡಲೆ ನಾನು ಅರ್ಧದಷ್ಟು ಜನರ ಹೆಸರಿನ ಮೇಲೆ ಗೀಟು ಎಳೆಯುತ್ತಿದ್ದೆ. ಅವರು ಮಾರನೆಯ ದಿನವೂ ಕೆಲಸಕ್ಕೆ ಬರುತ್ತಿದ್ದರು, ಅವರ ಹೆಸರು ಬೇರೊಂದು ಸಣ್ಣ ಪುಸ್ತಕದಲ್ಲಿರುತ್ತಿತ್ತು. ಜೂನ್ ಬಂದಾಗ ಅದೇ ಹೆಸರುಗಳನ್ನು ಚೆಕ್‌ರೋಲಿಗೆ ಹೊಸ ನಂಬರು ಕೊಟ್ಟು ಸೇರಿಸುತ್ತಿದ್ದೆ. ಹೀಗೆ ಮಾಡಿದರೆ ಅವರು ಯಾರೂ ಕಾಯಂ ಆಗುವುದಿಲ್ಲ, ಕಾಯಂ ಆದವರ ಸವಲತ್ತು ಕೊಡಬೇಕಾಗಿಲ್ಲ. ನನಗಿಂತ ಮೊದಲಿದ್ದ ರೈಟರು ನನಗೆ ಕಲಿಸಿದ್ದು, ಅವರಿಗೆ ಅವರ ಹಿಂದಿನವರು ಕಲಿಸಿದ್ದು. ಸಾಹುಕಾರ್ರು ಒಂದು ದಿನವೂ ಬಾಯಿಬಿಟ್ಟು ಹಾಗೆ ಮಾಡಿ ಎಂದವರಲ್ಲ. ಹೇಳಬೇಕಾದ ಅಗತ್ಯವೇ ಬೀಳಲಿಲ್ಲ, ಅಷ್ಟು ಒಳ್ಳೆಯ ರೈಟರು ನಾನು. ಆ ಲೆಕ್ಕದಲ್ಲಿ ಆಕೆ ಇಪ್ಪತ್ತಾರು ಸಲ ಹೊಸದಾಗಿ ಕೆಲಸಕ್ಕೆ ಸೇರಿದವಳು.

ಪತ್ರ ಬರೆಯಲು ಕುಳಿತಾಗ ನನ್ನ ಕೈ ತಾನಾಗಿ ಹೋಯಿತು ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಇಪ್ಪತ್ತಾರು ವರ್ಷ ಎಂದು ಬರೆಯಲು ಪೆನ್ನು ಇಟ್ಟೆ. ಸೀಲು ಬಿದ್ದ ಅಂಥ ಪತ್ರ ಒಬ್ಬಳ ಕೈಗೆ ಹೋದರೆ ನಾಳೆ ಲೈನಿನವರೆಲ್ಲ ಬಂದು ನಿಲ್ಲುತ್ತಾರೆ, ಲೇಬರ್ ಆಫೀಸಿನವರು ಹಳೆಯ ಚೆಕ್‌ರೋಲ್ ಕೇಳುತ್ತಾರೆ ಎಂದು ಯೋಚಿಸಿದೆ. ಯೋಚಿಸಿಯೇ ಬರೆದೆ: ಟೆಂಪರರಿ ಲೇಬರ್, ಕಳೆದ ಜೂನ್‌ನಿಂದ ಕೆಲಸದಲ್ಲಿದ್ದಾರೆ, ಕುಯ್ಲು ಮುಗಿಯುವವರೆಗೆ ಮಾತ್ರ. ಸೀಲು ಒತ್ತಿದೆ. ಆಕೆ ಆ ಪತ್ರವನ್ನು ಕಣ್ಣಿಗೊತ್ತಿಕೊಂಡು ಪ್ಲಾಸ್ಟಿಕ್ ಕವರಿಗೆ ಹಾಕಿ, ಡಾಕ್ಟರಮ್ಮನ ಜೊತೆ ಬೆಂಗಳೂರಿಗೆ ಹೋಗಿ ಬೆರಳಚ್ಚು ಕೊಟ್ಟು ಬಂದಳು. ಅಷ್ಟು ಕಾಗದಗಳ ನಡುವೆ ಡಾಕ್ಟರಮ್ಮನೂ ಅದನ್ನು ಬಿಡಿಸಿ ನೋಡಲಿಲ್ಲ. ಎಸ್ಟೇಟಿನ ರೈಟರು ಬರೆದದ್ದಲ್ಲವೇ.

ನನ್ನ ಜೇಬಿಗೆ ಹೋದ ಎರಡನೆಯ ಹಾಳೆಯಲ್ಲಿ ಇದೇ ಇತ್ತು. ಕೆಲಸ ಕೊಟ್ಟವರ ಪತ್ರದ ಪ್ರಕಾರ ಇವರಿಗೆ ಊರಿಗೆ ಮರಳಲು ಕಾರಣವಾಗುವ ನೆಲೆಯಾದ ಉದ್ಯೋಗವಿಲ್ಲ ಎಂದಿತ್ತು. ಅದರ ಕೆಳಗೆ ಇನ್ನೊಂದು ಸಾಲು: ಸರಿಯಾದ ದಾಖಲೆಯಿದ್ದರೆ ಮತ್ತೆ ಅರ್ಜಿ ಹಾಕಬಹುದು. ಸಮ್ಮೇಳನಕ್ಕೆ ಇನ್ನೂ ಐದು ವಾರ ಇತ್ತು.

ಡಾಕ್ಟರಮ್ಮ ಫೋನಿನಲ್ಲಿ ಕಾರಣ ಕೇಳಿದಾಗ ಮೊದಲ ಹಾಳೆಯ ಫೋಟೊ ತೆಗೆದು ಕಳಿಸಿದೆ. ಅವರು ಸಿಟ್ಟಾದರು. "ಇದೇನು ಹೊಸದಲ್ಲ ರೈಟ್ರೇ. ಎಲ್ಲ ಬಡ ದೇಶದವರಿಗೂ ಹೀಗೇ ಮಾಡ್ತಾರೆ. ನಾವು ಎಷ್ಟು ಬರೆದ್ರೂ ಅಷ್ಟೇ" ಎಂದರು. ಅವರ ಆ ಬೇಸರ ನನಗೆ ಆಶ್ರಯವಾಯಿತು. ಎಲ್ಲರಿಗೂ ಆಗುವುದು ಇವಳಿಗೂ ಆಯಿತು ಎಂದುಕೊಂಡೆ.

ಆಕೆಯ ಮಾತನ್ನು ವಿಡಿಯೊ ಮಾಡಿ ಕಳಿಸಿದ್ದಾಯಿತು. ಡಾಕ್ಟರಮ್ಮ ಒಬ್ಬರೇ ಹೋಗಿ ಬಂದರು. ಬಂದ ಮೇಲೆ ಲೈನಿನ ಅಂಗಳದಲ್ಲಿ ಕುಳಿತು ಎಲ್ಲ ಹೇಳಿದರು. ವಿಡಿಯೊವನ್ನು ಊಟಕ್ಕೆ ಏಳುವ ಹೊತ್ತಿನಲ್ಲಿ ಹಾಕಿದರಂತೆ. ಅರ್ಧ ಆಗುವಷ್ಟರಲ್ಲಿ ಸಮಯ ಮುಗಿಯಿತೆಂದು ನಿಲ್ಲಿಸಿದರಂತೆ. ಔಷಧಿ ಎಣ್ಣೆಯ ಮಾತು ಬಂದಿತಂತೆ, ಕೂಲಿಯ ಮಾತು ಬರಲೇ ಇಲ್ಲ. ಮುಂದಿನ ಸಾಲಿನಲ್ಲಿ ಹೆಸರಿನ ಚೀಟಿ ಅಂಟಿಸಿದ ಖಾಲಿ ಕುರ್ಚಿಗಳು ಇನ್ನೂ ಇದ್ದವಂತೆ, ವೀಸಾ ಸಿಗದ ಬೇರೆ ಬೇರೆ ದೇಶದವರದು. ಉಣುಗಿನ ಬಗ್ಗೆ ಮೂರು ದಿನ ಮಾತನಾಡಿದವರಲ್ಲಿ ಉಣುಗು ಕಚ್ಚಿಸಿಕೊಂಡವರು ಒಬ್ಬರೂ ಇರಲಿಲ್ಲವಂತೆ.

ಕೇಳಿ ನನ್ನ ಮೈ ಉರಿಯಿತು. ಈಗಲೂ ಉರಿಯುತ್ತದೆ. ಸತ್ತವರ ಮನೆಯವರನ್ನು ಬಾಗಿಲ ಹೊರಗೆ ನಿಲ್ಲಿಸಿ ಊರವರು ತಿಥಿ ಊಟ ಮಾಡಿದ ಹಾಗಲ್ಲವೇ ಇದು? ಕಾಯಿಲೆ ಒಂದು ಕಡೆ, ಕಾಯಿಲೆಯ ಮಾತು ಇನ್ನೊಂದು ಕಡೆ. ಮಾತಿನ ಊರನ್ನು ಆರಿಸುವವರು ವಿಮಾನ ನಿಲ್ದಾಣ ನೋಡುತ್ತಾರೆ, ಹೋಟೆಲು ನೋಡುತ್ತಾರೆ. ಆ ಊರಿನ ಬಾಗಿಲು ಯಾರಿಗೆ ತೆರೆಯುತ್ತದೆ, ಯಾರಿಗೆ ಮುಚ್ಚುತ್ತದೆ ಎಂದು ನೋಡುವುದಿಲ್ಲವೇ? ಉಣುಗಿಗೆ ವೀಸಾ ಬೇಡ, ಆಕೆಗೆ ಬೇಕು.

ಡಾಕ್ಟರಮ್ಮ ಆಕೆಯ ಹೆಸರಿನ ಬಿಲ್ಲೆಯನ್ನು ತಂದಿದ್ದರು. ನೀಲಿ ಪಟ್ಟಿಯಲ್ಲಿ ಕೊರಳಿಗೆ ಹಾಕಿಕೊಳ್ಳುವಂಥದ್ದು. ಆಕೆ ತಿರುಗಿಸಿ ತಿರುಗಿಸಿ ನೋಡಿ, "ಪಟ್ಟಿ ಕೆಂಪಾಗಿದ್ದಿದ್ರೆ ಮರಕ್ಕಾದ್ರೂ ಕಟ್ತಿದ್ದೆ" ಎಂದು ಗೋಡೆಯ ಮೊಳೆಗೆ ನೇತುಹಾಕಿದಳು.

ಮರುವರ್ಷ ಸಮ್ಮೇಳನದವರಿಗೆ ಎಚ್ಚರವಾಯಿತು. ಬರಲಾಗದವರೆಲ್ಲ ಬರೆದಿರಬೇಕು. ಮುಂದಿನ ಸಮ್ಮೇಳನ ಎಲ್ಲಿ ಇರಬೇಕೆಂದು ಜನರನ್ನೇ ಕೇಳೋಣ ಎಂದು ಅವರ ಕಡೆಯ ಒಬ್ಬ ವಿದೇಶಿ ಮಹಿಳೆ ಬಂದರು. ಕೇಳುವ ಸಭೆ ನಡೆದದ್ದು ಬಾಬಾಬುಡನ್‌ಗಿರಿಯ ದಾರಿಯ ಒಂದು ರೆಸಾರ್ಟಿನಲ್ಲಿ. ಆಕೆಯನ್ನು ಕರೆದಿದ್ದರು. "ರೈಟ್ರೂ ಬರ್ಲಿ, ಕಾಗದದ ವಿಚಾರ ಅವ್ರಿಗೇ ಗೊತ್ತಿರೋದು" ಎಂದು ಆಕೆ ನನ್ನನ್ನು ಹೊರಡಿಸಿದಳು. ಆ ಎರಡನೆಯ ಹಾಳೆ ವರ್ಷದುದ್ದಕ್ಕೂ ನನ್ನ ಟ್ರಂಕಿನಲ್ಲಿತ್ತು. ಸುಡಬೇಕೆಂದು ಎರಡು ಸಲ ಒಲೆಯ ಮುಂದೆ ಕುಳಿತಿದ್ದೆ. ಅಂದು ಬೆಳಿಗ್ಗೆ ಯಾಕೋ ಜೇಬಿಗೆ ಹಾಕಿಕೊಂಡೆ.

ಕಳಸದಿಂದ ಮೊದಲ ಬಸ್ಸು ಹಿಡಿದು, ಮೂಡಿಗೆರೆಯಲ್ಲಿ ಬದಲಿಸಿ, ಚಿಕ್ಕಮಗಳೂರಿನಿಂದ ಜೀಪು ಮಾಡಿಕೊಂಡು ಹೋದೆವು. ರೆಸಾರ್ಟಿಗೆ ಬಸ್ಸಿಲ್ಲ. ಗೇಟಿನ ಕಾವಲುಗಾರ ಆಕೆಯ ಕಾಲಿನ ಚಪ್ಪಲಿ ನೋಡಿ, "ಕೆಲ್ಸಕ್ಕೆ ಬಂದೋರು ಹಿಂದಿನ ಗೇಟಲ್ಲಿ ಬರ್ಬೇಕು ಕಣಮ್ಮ" ಎಂದ.

"ಕೆಲ್ಸಕ್ಕೇ ಬಂದಿದ್ದು. ಮಾತಾಡೋ ಕೆಲ್ಸ" ಎಂದಳು ಆಕೆ, ಕೊರಳಿನ ನೀಲಿ ಪಟ್ಟಿಯ ಬಿಲ್ಲೆ ಎತ್ತಿ ತೋರಿಸಿ. ಹೊರಡುವಾಗ ಮೊಳೆಯಿಂದ ತೆಗೆದು ಹಾಕಿಕೊಂಡಿದ್ದಳು.

ಒಳಗೆ ಗಾಜಿನ ಗೋಡೆಯ ದೊಡ್ಡ ಕೋಣೆ. ವಿದೇಶಿ ಮಹಿಳೆ ಒಳ್ಳೆಯವರೇ, ಎದ್ದು ಬಂದು ಕೈಹಿಡಿದರು. ಡಾಕ್ಟರಮ್ಮ ಎರಡೂ ಕಡೆಯ ಮಾತನ್ನು ತಿಳಿಸುತ್ತಿದ್ದರು. ಮುಂದಿನ ಸಮ್ಮೇಳನವನ್ನು ನಿಮ್ಮ ಈ ಬೆಟ್ಟದಲ್ಲಿ, ಇದೇ ಜಾಗದಲ್ಲಿ ಮಾಡಿದರೆ ಹೇಗೆ, ಕಾಯಿಲೆ ಇರುವಲ್ಲಿಗೆ ನಾವೇ ಬಂದ ಹಾಗಾಗುತ್ತದೆ ಎಂದು ಆ ಮಹಿಳೆ ಕೇಳಿದರು.

"ಇಲ್ಲಿಯಾ?" ಆಕೆ ಕಿಟಕಿಯ ಆಚೆ ನೋಡಿದಳು. "ಇಲ್ಲಿ ಮಾಡಿದ್ರೆ ನಮ್ಮನ್ನ ಪಾತ್ರೆ ತೊಳೆಯಕ್ಕೆ ಕರೀತಾರೆ ಅಮ್ಮ. ಗೇಟಲ್ಲೇ ಹೇಳಿದ್ರಲ್ಲ. ಕುಯ್ಲಿನ ಟೈಮಲ್ಲಿ ಇಟ್ರೆ ಅದಕ್ಕೂ ಬರಕ್ಕಾಗಲ್ಲ."

ಡಾಕ್ಟರಮ್ಮ ಇದನ್ನು ಇಂಗ್ಲಿಷಿಗೆ ತಿರುಗಿಸುವಾಗ ಪಾತ್ರೆಯ ಮಾತನ್ನು ಬಿಡಲಿಲ್ಲ. ಆ ಮಹಿಳೆಯ ಮುಖ ಕೆಂಪಾಯಿತು.

"ಹಾಗಾದರೆ ಎಲ್ಲಿ?"

"ವೋಟರ್ ಕಾರ್ಡ್ ತೋರಿಸಿದ್ರೆ ಒಳಗೆ ಬಿಡೋ ಊರು ಯಾವುದೂ ಇಲ್ವಾ?"

ಡಾಕ್ಟರಮ್ಮ ಯೋಚಿಸಿ, ಕಠ್ಮಂಡು ಎಂದರು. ನೇಪಾಳಕ್ಕೆ ಭಾರತದವರಿಗೆ ವೀಸಾ ಬೇಡ. ಆದರೆ ಬೇರೆ ದೇಶದವರಿಗೆ ಅಲ್ಲಿಯೂ ತೊಡಕಿರಬಹುದು ಎಂದು ವಿದೇಶಿ ಮಹಿಳೆ ಅನುಮಾನಿಸಿದರು.

"ಅದನ್ನ ನನ್ನ ಕೇಳಿದ್ರೆ ನಂಗೆ ಎಂತ ಗೊತ್ತು? ಕಳೆದ ಸಲ ಖಾಲಿ ಕುರ್ಚಿ ಇತ್ತಲ್ಲ, ಆ ಕುರ್ಚಿಯೋರನ್ನ ಕೇಳಿ. ನಿಮಗೆ ಎಲ್ಲಿ ಸಲೀಸು ಅಂತ. ಜಾಸ್ತಿ ಜನ ಎಲ್ಲಿ ಬರಕ್ಕಾಗುತ್ತೋ ಅಲ್ಲಿ ಮಾಡಿ" ಎಂದಳು.

ವಿದೇಶಿ ಮಹಿಳೆ ಇದನ್ನು ಬರೆದುಕೊಂಡರು. ಆಮೇಲೆ, ನಿಮಗೆ ವೀಸಾ ತಪ್ಪಿದ ಕಾರಣ ನಿಖರವಾಗಿ ಏನು, ನಾವು ಆ ಸರ್ಕಾರಕ್ಕೆ ಬರೆಯುತ್ತೇವೆ ಎಂದರು. ಆಕೆ ಪ್ಲಾಸ್ಟಿಕ್ ಕವರಿನಿಂದ ಮೊದಲ ಹಾಳೆ ತೆಗೆದು ಕೊಟ್ಟಳು. ಅವರು ಓದಿ, ಹಿಂದೆ ಮುಂದೆ ತಿರುಗಿಸಿ ಕೇಳಿದರು: ಇದು ಒಂದನೆಯ ಪುಟ, ಎರಡನೆಯದು ಎಲ್ಲಿ?

"ರೈಟ್ರ ಹತ್ರ ಉಂಟು" ಎಂದಳು ಆಕೆ.

ಅನುಮಾನದಿಂದ ಹೇಳಿದ ಮಾತಲ್ಲ ಅದು. ಪೂರ್ತಿ ನಂಬಿಕೆಯಿಂದ ಹೇಳಿದಳು. ರೈಟರ ಹತ್ತಿರ ಇದ್ದರೆ ಭದ್ರವಾಗಿದೆ ಎಂಬಂತೆ. ಬೈದಿದ್ದರೆ ಎದ್ದು ಜಗಳವಾಡುತ್ತಿದ್ದೆನೋ ಏನೋ. ಆ ನಂಬಿಕೆಯ ಮುಂದೆ ನನ್ನ ಕೈ ಜೇಬಿಗೆ ಹೋಯಿತು.

ಹಾಳೆಯನ್ನು ವಿದೇಶಿ ಮಹಿಳೆಗೆ ಕೊಡಲಿಲ್ಲ. ಆಕೆಯ ಕಡೆಗೆ ತಿರುಗಿ, ಒಂದೊಂದು ಸಾಲನ್ನೂ ಕನ್ನಡ ಮಾಡಿ ಓದಿದೆ. ನೆಲೆಯಾದ ಉದ್ಯೋಗವಿಲ್ಲ ಎಂಬ ಸಾಲನ್ನು ಮತ್ತೆ ಓದಿದೆ. "ಆ ಪತ್ರ ನಾನೇ ಹಾಗೆ ಬರೆದಿದ್ದು. ಬೇಕಂತಲೇ ಬರೆದೆ. ಸರಿ ಮಾಡಕ್ಕೆ ಟೈಮ್ ಇತ್ತು, ಅದನ್ನೂ ಮುಚ್ಚಿಟ್ಟೆ" ಎಂದೆ.

ಡಾಕ್ಟರಮ್ಮ ಅದನ್ನು ಇಂಗ್ಲಿಷಿಗೆ ತಿರುಗಿಸಲಿಲ್ಲ. "ನೀವಾ ರೈಟ್ರೇ?" ಎಂದಷ್ಟೇ ಕೇಳಿದರು. ಆಕೆ ಹಾಳೆ ಇಸಿದುಕೊಂಡು ಮೊದಲನೆಯದರ ಜೊತೆ ಕವರಿಗೆ ಹಾಕಿಕೊಂಡಳು.

ಮರಳುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕುಳಿತಳು. ಮೂಡಿಗೆರೆ ದಾಟಿದ ಮೇಲೆ ಎದ್ದು ಬಂದು, ಮೇಲಿನ ಕಂಬಿ ಹಿಡಿದು ನಿಂತು ಹೇಳಿದಳು: "ಆ ದೇಶದೋರಿಗೆ ನಾನು ಯಾರು ಅಂತ ಗೊತ್ತಿರ್ಲಿಲ್ಲ ರೈಟ್ರೇ, ನಂಬಲಿಲ್ಲ. ನಿಮಗೆ ಗೊತ್ತಿತ್ತು."

ಬಾಯಿಗೆ ಬಂದಂತೆ ಬೈದೆನಲ್ಲ ಆ ವೀಸಾದವರನ್ನು, ಬೈಯಬೇಕಾದದ್ದೇ. ಕಾಯಂ ಕೆಲಸ ಇಲ್ಲದ ಬಡವರೆಲ್ಲ ಓಡಿಹೋಗುವವರು ಎಂದು ಲೆಕ್ಕ ಹಾಕುವ ಕಾನೂನು ಮನುಷ್ಯರದ್ದಲ್ಲ. ಆದರೆ ಆ ಕಾನೂನಿಗೆ ಇಲ್ಲಿಂದ ಕಾಗದ ಬರೆದುಕೊಡುವ ನನ್ನಂಥವನು ಪ್ರತಿ ತೋಟದಲ್ಲೂ ಒಬ್ಬ ಇರುತ್ತಾನೆ. ಅವರ ಬಾಗಿಲಿಗೆ ಬೀಗ ಮಾಡಿಕೊಡುವವರು ನಾವು.

ಮಾರನೆಯ ದಿನ ಚಿಕ್ಕಮಗಳೂರಿಗೆ ಹೋಗಿ ಸಾಹುಕಾರ್ರನ್ನು ಕಂಡೆ. ಅಂದು ನಾನು ಬರೆಯದೆ ಬಿಟ್ಟ ಇಪ್ಪತ್ತಾರು ವರ್ಷದ ಪತ್ರಕ್ಕೆ ಸಹಿ ಬೇಕು ಎಂದೆ. ಅವರು ಸಿಟ್ಟಾಗಲಿಲ್ಲ. "ಚೆಕ್‌ರೋಲಲ್ಲಿ ಹಾಗಿದೆಯಾ ರೈಟ್ರೇ?"

"ಇಲ್ಲ. ನಾನು ಸುಳ್ಳು ಬರೆದಿದೀನಿ."

"ನಾನು ಬರೆಯಿರಿ ಅಂದಿದ್ನಾ?"

"ಇಲ್ಲ."

"ಮತ್ತೆ?" ಎಂದು ಕಾಫಿ ಲೋಟ ಕೆಳಗಿಟ್ಟರು. "ನಿಮಗೆ ವಯಸ್ಸಾಯ್ತು. ಈ ತಿಂಗಳಿಗೆ ಸಾಕು ಮಾಡಿ."

ಸೀಲು ಅಲ್ಲೇ ಮೇಜಿನ ಮೇಲೆ ಬಿಟ್ಟು ಬಂದೆ.

ಸಮ್ಮೇಳನದವರು ಖಾಲಿ ಕುರ್ಚಿಯವರನ್ನೆಲ್ಲ ಕೇಳಿದರಂತೆ. ಕೊನೆಗೆ ಕಠ್ಮಂಡುವೇ ಆಯಿತು, ಕುಯ್ಲು ಮುಗಿದ ಮೇಲಿನ ದಿನಗಳಲ್ಲಿ. ಆಕೆ ವೋಟರ್ ಕಾರ್ಡ್ ತೋರಿಸಿ ವಿಮಾನ ಹತ್ತಿದಳು. ಯಾವ ರೈಟರ ಪತ್ರವೂ ಬೇಕಾಗಲಿಲ್ಲ. ಎರಡೂ ಮಾತು ಹೇಳಿ ಬಂದಳು, ಕೂಲಿಯ ಮಾತನ್ನೇ ಮೊದಲು ಹೇಳಿದಳಂತೆ. ಅವರು ಏನು ಮಾಡುತ್ತಾರೋ ಇನ್ನೂ ಗೊತ್ತಿಲ್ಲ. ಕೇಳಿಸಿಕೊಂಡರು ಎಂದಳು, ಮಧ್ಯದಲ್ಲಿ ಯಾರೂ ಊಟಕ್ಕೆ ಏಳಲಿಲ್ಲ ಎಂದಳು. ಇದನ್ನೂ ನನಗೆ ಹೇಳಿದ್ದಲ್ಲ, ಕಣದಲ್ಲಿ ಹೆಂಗಸರಿಗೆ ಹೇಳುವಾಗ ನಾನು ಬೇಲಿಯ ಆಚೆ ನಿಂತು ಕೇಳಿದ್ದು.

ಅದಾಗಿ ಸ್ವಲ್ಪ ದಿನಕ್ಕೆ ಆಕೆ ನಾನಿರುವ ಬಾಡಿಗೆ ಕೋಣೆಗೆ ಬಂದಳು. ಒಳಗೆ ಬರಲಿಲ್ಲ.

"ಆ ಇಪ್ಪತ್ತಾರು ವರ್ಷದ್ದು ಒಂದು ಬರೆದುಕೊಡಿ. ಲೇಬರ್ ಆಫೀಸಿಗೆ ಕೊಡ್ಬೇಕು."

"ನನ್ನ ಹತ್ರ ಸೀಲ್ ಇಲ್ಲ."

"ಸೀಲ್ ಬ್ಯಾಡ. ನಿಮ್ಮ ಕೈ ಬರಹ ಅವ್ರ ಪುಸ್ತಕದ ತುಂಬ ಉಂಟಲ್ಲ, ತಾಳೆ ನೋಡ್ಲಿ."

ಕನ್ನಡದಲ್ಲೇ ಬರೆದೆ. ಆಕೆ ಯಾವ ವರ್ಷ ಲೈನಿಗೆ ಬಂದಳು, ನಾನು ಪ್ರತಿ ಬೇಸಿಗೆ ಹೇಗೆ ಗೀಟು ಎಳೆದೆ, ಸಣ್ಣ ಪುಸ್ತಕ ಎಲ್ಲಿದೆ, ಎಲ್ಲವನ್ನೂ ಬರೆದು ಸಹಿ ಮಾಡಿದೆ. ಲೈನಿನ ಉಳಿದವರಿಗೂ ಬರೆಯುತ್ತೇನೆ, ಕಳಿಸು ಎಂದೆ. ಆಕೆ ಗಟ್ಟಿಯಾಗಿ ಓದಲು ಹೇಳಿದಳು, ಓದಿದೆ. ಕಾಗದ ಇಸಿದುಕೊಂಡು ಬೆಳಕಿಗೆ ಹಿಡಿದಳು, ಹಿಂಬದಿ ತಿರುಗಿಸಿ ನೋಡಿದಳು. ಆಮೇಲೆ ನನ್ನ ಅಂಗಿಯ ಜೇಬಿನ ಕಡೆ ನೋಡಿದಳು.

"ಇಷ್ಟೇ ಅಲ್ದಾ ರೈಟ್ರೇ? ಇನ್ನೊಂದು ಹಾಳೆ ಇಲ್ಲ ತಾನೆ?"

ನಾನು ಎದ್ದು ನಿಂತು ಜೇಬನ್ನು ಹೊರಕ್ಕೆ ಎಳೆದು ತೋರಿಸಿದೆ.